ಒಂದು ಬೇಳೆ, ಎಂಟು ವರ್ಷ

ಕನ್ನಡದಲ್ಲಿ ‘ವಂಕಿ’ ಎಂಬ ಪದಕ್ಕೆ ತೋಳಿಗೆ ತೊಡುವ ಚಿನ್ನದ ಒಡವೆ ಎಂಬುದು ಒಂದು ಅರ್ಥವಾದರೆ, ಬಸಿರಾಗದಂತೆ ತಡೆಯಲು ಗರ್ಭಕೋಶದೊಳಗೆ ಕೂರಿಸುವ ಪುಟ್ಟ ಸಾಧನ ಎಂಬುದು ಇನ್ನೊಂದು. ಮೊದಲನೆಯದನ್ನು ತೊಟ್ಟವಳು ಮದುವೆಮನೆಯಲ್ಲಿ ಸೆರಗನ್ನು ಪದೇಪದೇ ಸರಿಪಡಿಸಿಕೊಳ್ಳುತ್ತಾಳೆ, ಎರಡನೆಯದನ್ನು ಹಾಕಿಸಿಕೊಂಡವಳು ಆಶಾ ಕಾರ್ಯಕರ್ತೆಯ ಹೊರತು ಯಾರೆದುರೂ ಬಾಯಿ ಬಿಡುವುದಿಲ್ಲ. ವಂಕ ಎಂದರೆ ಡೊಂಕು. 1965ರಲ್ಲಿ ಭಾರತದ ಕುಟುಂಬ ಯೋಜನೆಗೆ ಬಂದ ಲಿಪ್ಪಿಸ್ ಲೂಪ್ ಹಾವಿನಂತೆ ಬಳುಕಿದ ಪ್ಲಾಸ್ಟಿಕ್ಕಾಗಿದ್ದುದರಿಂದ ಈ ಹೆಸರು ಅದಕ್ಕೆ ಒಪ್ಪುತ್ತಿತ್ತು; ಆಮೇಲೆ ಬಂದ ಕಾಪರ್ ಟಿ ಇಂಗ್ಲಿಷಿನ ಟಿ ಅಕ್ಷರದಂತೆ ನೆಟ್ಟಗಿದ್ದರೂ ಹೆಸರಿನ ಡೊಂಕು ಮಾತ್ರ ಹಾಗೆಯೇ ಉಳಿಯಿತು.

ಈ ಸಾಧನದ ಮೂಲವನ್ನು ಹೇಳುವಾಗ, ಅರಬ್ಬರು ದೂರ ಪ್ರಯಾಣದಲ್ಲಿ ಒಂಟೆಗಳು ಗಬ್ಬವಾಗದಿರಲೆಂದು ಅವುಗಳ ಗರ್ಭದಲ್ಲಿ ಕಲ್ಲಿನ ಹರಳು ಇಡುತ್ತಿದ್ದರೆಂಬ ಕಥೆಯನ್ನು ವೈದ್ಯ ಗ್ರಂಥಗಳೂ ಬಹುಕಾಲ ಹೇಳುತ್ತಾ ಬಂದಿವೆ. ಕಥೆಗೆ ಆಧಾರವಿಲ್ಲ, ಕಲ್ಲಿನ ಸಹವಾಸವೇ ಸಂತಾನವನ್ನು ತಡೆಯುವಂತಿದ್ದರೆ, ಅಂಗಳ, ಅಡುಗೆಮನೆ, ಗೋಡೆಗಳಿಗೆಲ್ಲ ಫರಸಿ ಕಲ್ಲನ್ನೇ ಹಾಸಿರುವ ಕಲಬುರಗಿ ಜಿಲ್ಲೆಯ ಶಹಾಬಾದಿನಲ್ಲಾಗಲಿ, ಅದರ ನೆರೆಯ ಭಂಕೂರದಲ್ಲಾಗಲಿ ಇಷ್ಟು ಹೊತ್ತಿಗೆ ಶಾಲೆಗಳಿಗೆ ಮಕ್ಕಳೇ ಸಿಗುತ್ತಿರಲಿಲ್ಲ.

ಹಾರ್ಮೋನಿನ ವಂಕಿ ಈ ವಂಶದ ಕಿರಿಯ ಕುಡಿ. ಫಿನ್ಲೆಂಡಿನ ತಪಾನಿ ಲುಕ್ಕೈನೆನ್ ಎಂಬ ವೈದ್ಯವಿಜ್ಞಾನಿಯ ದುಡಿಮೆಯಿಂದ ರೂಪುಗೊಂಡ ಇದು 1990ರಲ್ಲಿ ಅದೇ ದೇಶದಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಕಾಂಡದಲ್ಲಿ ತಾಮ್ರದ ತಂತಿಯ ಬದಲು ಲೆವೊನಾರ್ಜೆಸ್ಟ್ರೆಲ್ ಎಂಬ, ಹೆಣ್ಣಿನ ದೇಹದ ಪ್ರೊಜೆಸ್ಟರಾನನ್ನು ಹೋಲುವ ಹಾರ್ಮೋನು ತುಂಬಿರುತ್ತದೆ. ಅದು ಗರ್ಭಕೋಶದ ಬಾಯಿಯ ಲೋಳೆಯನ್ನು ಗಟ್ಟಿಗೊಳಿಸಿ ವೀರ್ಯಾಣುವಿನ ದಾರಿಗೆ ಬೇಲಿ ಹಾಕುವುದರ ಜೊತೆಗೆ ಒಳಪದರವನ್ನೂ ತೆಳುವಾಗಿಸುತ್ತದೆ. ಹಾರ್ಮೋನಿನ ಒಟ್ಟು ಪ್ರಮಾಣ 52 ಮಿಲಿಗ್ರಾಂ. ಕಲಬುರಗಿ ಜಿಲ್ಲೆಯವರಿಗೆ ಇದನ್ನು ತಿಳಿಸಲು ತಕ್ಕಡಿ ಬೇಕಿಲ್ಲ, ಹೆಚ್ಚುಕಡಿಮೆ ಒಂದು ತೊಗರಿ ಬೇಳೆಯ ತೂಕವೆಂದರೆ ಸಾಕು. ಮೊದಮೊದಲು ದಿನಕ್ಕೆ 20 ಮೈಕ್ರೋಗ್ರಾಂನಂತೆ ಹೊರಬೀಳುವ ಲೆಕ್ಕ ಹಿಡಿದರೆ, ಆ ಒಂದು ಬೇಳೆಯನ್ನು 2,600 ಪಾಲು ಮಾಡಿ ದಿನಕ್ಕೊಂದು ಪಾಲು ಖರ್ಚು ಮಾಡಿದಂತಾಗುತ್ತದೆ, ಮತ್ತು ವರ್ಷ ಕಳೆದಂತೆ ಈ ಖರ್ಚೂ ಇಳಿಯುತ್ತಾ ಹೋಗುತ್ತದೆ. ಎಷ್ಟೇ ಕೈ ಬಿಗಿಹಿಡಿದು ಸಂಸಾರ ನಡೆಸುವ ಅತ್ತೆಯಾದರೂ ಒಂದು ಬೇಳೆಯಲ್ಲಿ ಇಷ್ಟು ವರ್ಷ ಸಾರು ಕಾಯಿಸಿದ ನಿದರ್ಶನವಿಲ್ಲ. ಮೊದಲು ಐದು ವರ್ಷವೆಂದಿದ್ದ ಇದರ ಅವಧಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹಂತಹಂತವಾಗಿ ಏರಿಸಿ 2022ರಲ್ಲಿ ಎಂಟಕ್ಕೆ ತಂದಿತು.

ಇಂಥ ಮಿತವ್ಯಯಿಯೊಡನೆ ಬಾಳುವುದರ ತೊಡಕು ಶರೀರಶಾಸ್ತ್ರಕ್ಕಿಂತ ಗೃಹಶಾಸ್ತ್ರಕ್ಕೆ ಸೇರಿದ್ದು. ಹಾಕಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳು ಹೊತ್ತುಗೊತ್ತಿಲ್ಲದೆ ಹನಿಹನಿಯಾಗಿ ರಕ್ತ ಕಾಣಿಸಿಕೊಳ್ಳುವುದರಿಂದ, ‘ಹೊರಗಾದವಳು’ ದೇವರ ಕೋಣೆಗೆ ಕಾಲಿಡಬಾರದೆಂಬ ಕಟ್ಟಳೆಯಿರುವ ಮನೆಯಲ್ಲಿ ಸೊಸೆ ಒಳಗಿದ್ದಾಳೋ ಹೊರಗಿದ್ದಾಳೋ ಎಂಬುದು ಗ್ರಹಣದ ವೇಳೆಯಂತೆ ಪ್ರತಿದಿನ ನಿರ್ಣಯಿಸಬೇಕಾದ ವಿಷಯವಾಗುತ್ತದೆ. ಅನಂತರ ಮುಟ್ಟು ತೆಳುವಾಗಿ, ವರ್ಷ ತುಂಬುವಷ್ಟರಲ್ಲಿ ಐವರಲ್ಲಿ ಸುಮಾರು ಒಬ್ಬರಿಗೆ ಪೂರ್ತಿ ನಿಂತೇ ಹೋಗುತ್ತದೆ. ಇದು ಅಪಾಯವಲ್ಲ, ಒಳಪದರ ಬೆಳೆಯದಿದ್ದಾಗ ಕಳಚುವುದಕ್ಕೆ ಏನೂ ಇರುವುದಿಲ್ಲ, ಅಷ್ಟೆ, ಆದರೆ ಸೊಸೆಯ ತಿಂಗಳ ಲೆಕ್ಕವನ್ನು ಹಾಲಿನ ಲೆಕ್ಕಕ್ಕಿಂತ ಕಟ್ಟುನಿಟ್ಟಾಗಿ ಇಡುವ ಅತ್ತೆ, “ಯಾಕವ್ವಾ, ಈ ತಿಂಗಳಾ ಹೊರಗಾಗಿಲ್ಲೇನು?” ಎಂದು ನಗುತ್ತಾ ಕೇಳಿ, ಮರುದಿನವೇ ಹುಣಸೆಕಾಯಿ ತರಿಸುತ್ತಾಳೆ. ಬಸಿರನ್ನು ತಡೆಯುವ ಸಾಧನವೇ ಬಸಿರಿನ ಸುದ್ದಿಯನ್ನು ಹಬ್ಬಿಸುವುದು ಇದರ ವೈಚಿತ್ರ್ಯ. ಹೊರಗೆ ಕೂತ ನೆಪದಲ್ಲಿ ಸಿಗುತ್ತಿದ್ದ ಮೂರು ದಿನಗಳ ವಿಶ್ರಾಂತಿ ತಪ್ಪಿ ಹೋಗುವುದನ್ನಂತೂ ಯಾವ ಔಷಧದ ಚೀಟಿಯೂ ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಸೇರಿಸಿಲ್ಲ.

ವಂಕಿ ಮೇಲೇರಿ ಎದೆಗೆ ಹೋಗುತ್ತದೆಂಬ ಭಯವೂ ಊರೂರಲ್ಲಿ ಇದೆ. ಗರ್ಭಕೋಶದಿಂದ ಎದೆಗೆ ದಾರಿಯಿಲ್ಲ. ಹಾಕುವಾಗ ಗರ್ಭಕೋಶದ ಗೋಡೆ ತೂತಾಗುವ ಸಂಭವ ಸಾವಿರದಲ್ಲಿ ಸುಮಾರು ಒಂದು, ತಾನಾಗಿ ಜಾರಿ ಹೊರಬೀಳುವುದು ಅದಕ್ಕಿಂತ ಹೆಚ್ಚು, ಆದ್ದರಿಂದಲೇ ಅದರ ತುದಿಯ ಎರಡು ದಾರಗಳು ಇವೆಯೇ ಎಂದು ಆಗಾಗ ನೋಡಿಕೊಳ್ಳಲು ಹೇಳುತ್ತಾರೆ. ಆ ದಾರ ತಮಗೆ ಚುಚ್ಚಿತೆಂದು ದೂರುವ ಗಂಡಂದಿರೂ ಇದ್ದಾರೆ. ದೂರನ್ನು ವೈದ್ಯರು ದಾರ ಕತ್ತರಿಸಿ ಬಗೆಹರಿಸಬಲ್ಲರು. ಆದರೆ 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡಿರುವಾಗ, ಆಪರೇಷನ್ ಮಾಡಿಸಿಕೊಂಡ ಗಂಡಂದಿರು ನೂರಕ್ಕೆ ಒಬ್ಬರೂ ಇಲ್ಲದ ನಾಡಿನಲ್ಲಿ, ಗಂಡಸರ ಪಾಲಿಗೆ ಬಂದ ಒಟ್ಟು ಕಷ್ಟ ಈ ದಾರವೊಂದೇ ಎಂಬುದನ್ನು ಸಹಾನುಭೂತಿಯಿಂದ ದಾಖಲಿಸಬೇಕಾಗುತ್ತದೆ.

ನಗೆ ನಿಲ್ಲಬೇಕಾದ ಒಂದು ಸ್ಥಳವಿದೆ. ಇದೇ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು ಹೊಟ್ಟೆನೋವು, ಅತಿಸ್ರಾವಗಳೆಂದು ಹೋದಾಗ ಅವರ ಗರ್ಭಕೋಶವನ್ನೇ ಅನಗತ್ಯವಾಗಿ ತೆಗೆಯಲಾಯಿತೆಂಬ ಆರೋಪ 2015ರಲ್ಲಿ ಬಯಲಿಗೆ ಬಂದು ತನಿಖೆಯೂ ನಡೆಯಿತು. ಅತಿಸ್ರಾವಕ್ಕೆ ಹಾರ್ಮೋನಿನ ವಂಕಿ ಮಾನ್ಯ ಚಿಕಿತ್ಸೆಯಾಗಿದ್ದು, ಎಷ್ಟೋ ಹೆಂಗಸರನ್ನು ಶಸ್ತ್ರಚಿಕಿತ್ಸೆಯಿಂದ ಉಳಿಸಬಲ್ಲದು; ಆದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಟ್ಟಿ ಸಿಗುತ್ತಾ ಬಂದಿರುವುದು ತಾಮ್ರದ ವಂಕಿ, ಮತ್ತು ಅದರಿಂದ ಸ್ರಾವ ಕಡಿಮೆಯಾಗುವ ಬದಲು ಹೆಚ್ಚುವುದೇ ಸಾಮಾನ್ಯ. ಬೇಕಾದದ್ದಕ್ಕೆ ದುಡ್ಡು, ಬೇಡವಾದದ್ದು ಪುಕ್ಕಟೆ.

ಹಾಕಿಸಿಕೊಂಡವರು ಮರೆಯುವಷ್ಟು ಸದ್ದಿಲ್ಲದೆ ಇರುವುದೇ ಈ ಸಾಧನದ ಗುಣವಾದ್ದರಿಂದ, ತೆಗೆಸಬೇಕಾದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು ವ್ಯರ್ಥ, ಕ್ಯಾಲೆಂಡರು ಜನವರಿಗೆ ಬದಲಾಗಿ ಹಳೆಯದು ಮಕ್ಕಳ ಪುಸ್ತಕಗಳಿಗೆ ಹೊದಿಕೆಯಾಗುತ್ತದೆ. ತಿಜೋರಿಯ ಬಾಗಿಲಿನ ಒಳಬದಿಯಲ್ಲಿ, ತೋಳಿನ ವಂಕಿ ಇಡುವ ಜಾಗದ ಎದುರಿಗೆ ಬರೆದಿಡುವುದು ಒಳ್ಳೆಯದು. ಅದನ್ನು ತೆಗೆಯುವಾಗಲೆಲ್ಲ ಇದೂ ನೆನಪಾಗುತ್ತದೆ.