ಮೊದಲಿನ ರುಚಿ ಇಲ್ಲವೆನ್ನುವ ಗಿರಾಕಿ

ಬೆಂಗಳೂರಿನ ಹಳೆಯ ಬಡಾವಣೆಗಳ ಕಾಫಿ ಹೋಟೆಲುಗಳಿಗೆ ಬರುವ ಗಿರಾಕಿಗಳಲ್ಲಿ ವಿಶೇಷ ಅಧ್ಯಯನಕ್ಕೆ ಅರ್ಹವಾದ ವರ್ಗವೊಂದಿದ್ದು, ಅಲ್ಲಿನ ಕಾಫಿಗೆ ಮೊದಲಿನ ರುಚಿ ಇಲ್ಲವೆಂದು ಪ್ರತಿದಿನ ಸಾರುವುದೂ, ಹಾಗೆ ಸಾರುವುದಕ್ಕಾಗಿಯೇ ಪ್ರತಿದಿನ ತಪ್ಪದೆ ಅದೇ ಹೋಟೆಲಿಗೆ ಬರುವುದೂ ಈ ವರ್ಗದ ಮುಖ್ಯ ಲಕ್ಷಣಗಳಾಗಿವೆ. ಇದಕ್ಕೆ ಸೇರಿದವರು ಸಾಮಾನ್ಯವಾಗಿ ಬ್ಯಾಂಕಿನಿಂದಲೋ ಸರ್ಕಾರಿ ಕಾರ್ಖಾನೆಯಿಂದಲೋ ನಿವೃತ್ತರಾದವರು. ಬೆಳಗಿನ ನಡಿಗೆಯನ್ನು ಡಾಕ್ಟರು ಹೇಳಿದರೆಂದು ಆರಂಭಿಸಿ, ಅದು ಹೋಟೆಲಿನ ಮುಂದೆಯೇ ಮುಗಿಯುವಂತೆ ಸ್ವಂತ ಬುದ್ಧಿಯಿಂದ ಏರ್ಪಾಟು ಮಾಡಿಕೊಂಡವರು.

ಇವರು ಹೆಚ್ಚಾಗಿ ಕಾಣಸಿಗುವುದು ದರ್ಶಿನಿಗಳಲ್ಲಿ. 1980ರ ದಶಕದಲ್ಲಿ ಜಯನಗರದಲ್ಲಿ ಮೊದಲಾಗಿ ನಗರದ ತುಂಬ ಹಬ್ಬಿದ ಈ ಬಗೆಯ ಹೋಟೆಲಿನಲ್ಲಿ ಗಿರಾಕಿಯು ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆದು, ಬೇಕಾದದ್ದನ್ನು ಕೌಂಟರಿನಿಂದ ತಾನೇ ಎತ್ತಿಕೊಂಡು, ಎತ್ತರದ ಮೇಜಿನ ಬಳಿ ನಿಂತು ಮುಗಿಸಬೇಕು. ಕುರ್ಚಿ ಇಲ್ಲದಿದ್ದರೆ ಜನ ಬೇಗ ಜಾಗ ಬಿಡುತ್ತಾರೆಂಬುದು ಇದರ ಹಿಂದಿನ ಲೆಕ್ಕಾಚಾರ. ಮಂಡಿನೋವಿನ ಕಾರಣದಿಂದ ಮದುವೆಮನೆಯ ಆರತಕ್ಷತೆಯ ಸಾಲಿನಲ್ಲಿ ಐದು ನಿಮಿಷವೂ ನಿಲ್ಲಲಾರದ ಈ ಹಿರಿಯರು, ಅರ್ಧ ಲೋಟ ಕಾಫಿಯ ಬಲದಿಂದ ಮುಕ್ಕಾಲು ಗಂಟೆ ನಿಂತು ಆ ಲೆಕ್ಕಾಚಾರವನ್ನು ಬುಡಮೇಲು ಮಾಡುತ್ತಾರೆ.

ಅರ್ಧ ಲೋಟವೆಂದರೆ ಬೈ ಟೂ, ಅಂದರೆ ಒಂದು ಕಾಫಿಯ ಹಣಕ್ಕೆ ಅದೇ ಕಾಫಿಯನ್ನು ಎರಡು ಲೋಟಗಳಿಗೆ ಹಂಚಿ ಕೊಡುವ ಪದ್ಧತಿ. ಹಂಚಿಕೆ ಕಣ್ಣಳತೆಯದ್ದಾದುದರಿಂದ ಒಂದು ಲೋಟದಲ್ಲಿ ಒಂದು ಗುಟುಕು ಹೆಚ್ಚಿರುವುದು ಅನಿವಾರ್ಯ. ಅದನ್ನು ಇಬ್ಬರೂ ಒಂದೇ ನೋಟದಲ್ಲಿ ಗುರುತಿಸುತ್ತಾರೆ. ಗುರುತಿಸಿದ್ದು ಗೊತ್ತಾಗಬಾರದೆಂದು "ನೀವು ತಗೊಳ್ಳಿ ರಾಯರೇ", "ಇಲ್ಲ ಇಲ್ಲ, ನೀವು ತಗೊಳ್ಳಿ" ಎಂದು ತುಂಬಿದ ಲೋಟವನ್ನು ಪರಸ್ಪರ ತಳ್ಳುತ್ತಾರೆ. ಈ ಸೌಜನ್ಯ ಮುಗಿಯುವಷ್ಟರಲ್ಲಿ ಕಾಫಿ ಆರಿ, ಹೋಟೆಲಿನವರು ಬಿಸಿಯಾಗಿ ಕೊಡುವುದನ್ನೇ ಮರೆತರೆಂಬ ದೂರಿಗೆ ಆಧಾರ ಸಿದ್ಧವಾಗುತ್ತದೆ.

ಕಾಫಿ ಮಾಡುವವನಿಗೆ ಇವರು ಕೊಡುವ ಸೂಚನೆಗಳು ಔಷಧಿ ಚೀಟಿಯಷ್ಟು ಖಚಿತವಾಗಿರುತ್ತವೆ: "ಸ್ಟ್ರಾಂಗ್ ಇರ್ಲಿ, ಸಕ್ಕರೆ ಕಡಿಮೆ, ಹಾಲು ಚೆನ್ನಾಗಿ ಕಾದಿರ್ಲಿ, ಪೇಪರ್ ಕಪ್ ಬೇಡ, ಗ್ಲಾಸಲ್ಲೇ ಕೊಡಪ್ಪಾ." (ಪೇಪರ್ ಕಪ್ಪಿನ ವಿಷಯದಲ್ಲಿ ಇವರ ವಾದ ಸರಿಯೆಂದು ಒಪ್ಪಲೇಬೇಕು.) ಹತ್ತು ಲೋಟಗಳನ್ನು ಸಾಲಾಗಿಟ್ಟು, ಒಂದೇ ಓಟದಲ್ಲಿ ಡಿಕಾಕ್ಷನ್ನನ್ನೂ ಇನ್ನೊಂದರಲ್ಲಿ ಹಾಲನ್ನೂ ಸುರಿಯುತ್ತಿರುವ ಆತ "ಆಯ್ತು ಸಾರ್" ಎಂದು ಆ ಸಾಲಿನಿಂದಲೇ ಒಂದನ್ನೆತ್ತಿ ಬೈ ಟೂ ಮಾಡಿ ಮುಂದಿಡುತ್ತಾನೆ. ಹಿರಿಯರು ಒಂದು ಗುಟುಕು ಹೀರಿ, ಕಣ್ಣು ಮುಚ್ಚಿ ತೆರೆದು, ಪಕ್ಕದವರತ್ತ ತಿರುಗಿ "ಹೇಳಿದ್ದಕ್ಕೆ ಇಷ್ಟಾದ್ರೂ ಆಯ್ತು ನೋಡಿ" ಎನ್ನುತ್ತಾರೆ.

ರುಚಿ ಕೆಟ್ಟದ್ದಕ್ಕೆ ಇವರು ಕೊಡುವ ಮೊದಲ ಕಾರಣ ಚಿಕೋರಿ. ಇದು ಒಂದು ಗಿಡದ ಬೇರು; ಹುರಿದು ಪುಡಿ ಮಾಡಿ ಕಾಫಿಪುಡಿಯೊಂದಿಗೆ ಬೆರೆಸಿದರೆ ಡಿಕಾಕ್ಷನ್ನಿಗೆ ಕಪ್ಪು ಬಣ್ಣವೂ ಗಟ್ಟಿತನವೂ ಬರುತ್ತವೆ. ಮಿಶ್ರಣದಲ್ಲಿ ಕಾಫಿಯ ಪ್ರಮಾಣ ಶೇ 51ಕ್ಕಿಂತ ಕಡಿಮೆ ಇರಬಾರದೆಂಬ ಕಾನೂನನ್ನು ಇವರು ಬಲ್ಲರು, ಹೋಟೆಲಿನವರು ಬಲ್ಲರೆಂಬ ನಂಬಿಕೆ ಮಾತ್ರ ಇವರಿಗಿಲ್ಲ. ಆದುದರಿಂದ ಮನೆಗೆ ಪುಡಿ ತರುವಾಗ ಅಂಗಡಿಯ ಯಂತ್ರದ ಮುಂದೆ ನಿಂತು, ಪೀಬರಿ, ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಆಗಿ ಉರುಟಾಗಿ ಬೆಳೆದ ಬೀಜ, ಅರ್ಧ; ಪ್ಲಾಂಟೇಷನ್ ಎ, ಅಂದರೆ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಅರೇಬಿಕಾದಲ್ಲಿ ದಪ್ಪ ಬೀಜ, ಅರ್ಧ; ಚಿಕೋರಿ ಚಿಟಿಕೆಯಷ್ಟೂ ಕೂಡದೆಂದು ಕಣ್ಣೆದುರೇ ಬೀಸಿಸುತ್ತಾರೆ. ಮನೆಯಲ್ಲಿ ಅದರ ಕಾಫಿ ಕುಡಿದು, ಇದೇನು ನೀರು ನೀರಾಗಿದೆಯೆಂದು ಹೆಂಡತಿಯ ಮೇಲೆ ಮುನಿಯುತ್ತಾರೆ. ಇವರು ಹಂಬಲಿಸುವ ಹಿಂದಿನ ಕಾಲದ ಗಟ್ಟಿತನದಲ್ಲಿ ಎಷ್ಟು ಪಾಲು ಆ ಬೇರಿನದ್ದೆಂಬುದನ್ನು ಇವರೆದುರು ಎತ್ತುವ ಧೈರ್ಯವನ್ನು ಈವರೆಗೆ ಯಾರೂ ಮಾಡಿದಂತಿಲ್ಲ.

ಬೆಲೆ ಏರಿದಾಗ ಇವರ ವಿದ್ವತ್ತು ಅಂತರರಾಷ್ಟ್ರೀಯವಾಗುತ್ತದೆ. ಬ್ರೆಜಿಲಿನಲ್ಲಿ ಮಳೆ ಕೈಕೊಟ್ಟು 2025ರ ಆರಂಭದಲ್ಲಿ ಅರೇಬಿಕಾ ಬೆಲೆ ದಾಖಲೆ ಮುಟ್ಟಿದ್ದನ್ನೂ, ಭಾರತದಲ್ಲಿ ಬೆಳೆಯುವ ಕಾಫಿಯ ಹೆಚ್ಚಿನ ಪಾಲು ರಫ್ತಾಗುವುದರಿಂದ ಹೊರಗಿನ ಬೆಲೆ ಇಲ್ಲಿಗೂ ತಟ್ಟುವುದನ್ನೂ ಹೋಟೆಲಿನ ಮಾಲೀಕರು ವಿವರಿಸಿದರೆ, "ಚಿಕ್ಕಮಗಳೂರು ಇಲ್ಲೇ ಇರೋವಾಗ ನಮಗ್ಯಾಕ್ರೀ ಬ್ರೆಜಿಲ್ಲು?" ಎಂದು ಚರ್ಚೆಯನ್ನು ಮುಗಿಸಿ, ನಾಳೆಯಿಂದ ಬರುವುದಿಲ್ಲವೆಂದು ಘೋಷಿಸುತ್ತಾರೆ. ಈ ಘೋಷಣೆಯನ್ನು ಮಾಲೀಕರು ಎಂದೂ ಗಂಭೀರವಾಗಿ ಪರಿಗಣಿಸಿಲ್ಲ.

ಇವರು ಹೇಳುವ 'ಮೊದಲು' ಯಾವ ಇಸವಿಯದ್ದೆಂದು ನಿರ್ಧರಿಸುವುದು ಕಷ್ಟ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಹೋದಾಗ, ರುಚಿ ಮಾತ್ರ ಹಳೆಯ ಕಟ್ಟಡದಲ್ಲೇ ಉಳಿಯಿತೆಂದು, ಹೊಸದರೊಳಗೆ ಕಾಲಿಡದವರೂ ತೀರ್ಪು ಕೊಟ್ಟರು. ಹಳೆಯ ಕಟ್ಟಡದಲ್ಲಿ ಕುಡಿಯುತ್ತಿದ್ದಾಗಲೂ ಪಕ್ಕದ ಮೇಜಿನಿಂದ ಹಿರಿಯರೊಬ್ಬರು ಇದೇ ಮಾತನ್ನು ಆಡುತ್ತಿದ್ದುದು ಇವರ ನೆನಪಿನಿಂದ ಜಾರಿದೆ. ಈ ಪರಂಪರೆಯನ್ನು ಬೆನ್ನುಹತ್ತಿ ಹೋದರೆ, 17ನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ತಂದರೆಂದು ಐತಿಹ್ಯ ಹೇಳುವ ಏಳು ಬೀಜಗಳ ಮೊದಲ ಫಸಲನ್ನು ಚಪ್ಪರಿಸಿ, ಯೆಮೆನ್‌ನ ರುಚಿ ಇದಕ್ಕಿಲ್ಲವೆಂದ ಒಬ್ಬರಾದರೂ ಚಂದ್ರದ್ರೋಣ ಪರ್ವತದ ತಪ್ಪಲಿನಲ್ಲಿ ಇದ್ದಿರಲೇಬೇಕು.

ವರ್ಷಕ್ಕೊಮ್ಮೆ ಮಗಳೋ ಅಳಿಯನೋ ಇವರನ್ನು ಇಂದಿರಾನಗರದ ಕಡೆಯ ಹೊಸ ಕೆಫೆಯೊಂದಕ್ಕೆ ಕರೆದೊಯ್ಯುವುದುಂಟು. ಅಲ್ಲಿ ಬೀಜ ಯಾವ ಎಸ್ಟೇಟಿನದು, ಹುರಿದ ದಿನ ಯಾವುದು ಎಂಬುದನ್ನೆಲ್ಲ ಹಲಗೆಯ ಮೇಲೆ ಬರೆದಿರುತ್ತಾರೆ, ಚಿಕೋರಿಯ ಹೆಸರೆತ್ತುವಂತಿಲ್ಲ, ಬರಿಸ್ತಾ, ಅಂದರೆ ಕಾಫಿ ಮಾಡುವುದರಲ್ಲಿ ತರಬೇತಿ ಪಡೆದ ಯುವಕ, ಆಗತಾನೆ ಬೀಸಿದ ಪುಡಿಯನ್ನು ತಕ್ಕಡಿಯಲ್ಲಿ ತೂಗಿ, ಕಾಗದದ ಫಿಲ್ಟರಿಗೆ ಹಾಕಿ, ಸಣ್ಣ ಧಾರೆಯಲ್ಲಿ ಬಿಸಿನೀರೆರೆದು, ಇಡೀ ಲೋಟವನ್ನು ಇವರೊಬ್ಬರ ಮುಂದೆಯೇ ಇಟ್ಟು, ಕುಳಿತುಕೊಳ್ಳಲು ಮೆತ್ತನೆಯ ಕುರ್ಚಿಯನ್ನೂ ತೋರಿಸುತ್ತಾನೆ. ದರ್ಶಿನಿಯಲ್ಲಿ ಇಷ್ಟು ವರ್ಷ ಇಲ್ಲವೆಂದು ಇವರು ದೂರಿದ್ದೆಲ್ಲವೂ ಇಲ್ಲಿ ಒಟ್ಟಾಗಿ ದೊರೆತಿರುವುದರಿಂದ ಹೇಳಲು ಏನೂ ಉಳಿಯದೆ, ಹಾಲಿಲ್ಲದ ಆ ಕಹಿಯನ್ನು ಮೌನವಾಗಿ ಕುಡಿಯುತ್ತಾರೆ. ಹೇಗಿತ್ತೆಂದು ಯುವಕ ಕೇಳಿದಾಗ "ತುಂಬಾ ಚೆನ್ನಾಗಿತ್ತಪ್ಪಾ" ಎನ್ನುತ್ತಾರೆ. ಈ ವರ್ಗದವರು ಹೊಗಳಿದ ಅಂಗಡಿಗೆ ಮತ್ತೆ ಹೋಗುವುದಿಲ್ಲವೆಂಬುದನ್ನು ಅರಿಯದ ಆತ ಸಂತೋಷದಿಂದ ಮುಂದಿನ ಸಲಕ್ಕೆಂದು ರಿಯಾಯಿತಿ ಚೀಟಿಯೊಂದನ್ನು ಕೈಗಿಡುತ್ತಾನೆ. ಅದನ್ನು ಇವರು ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು, ಮಾರನೆಯ ಬೆಳಗ್ಗೆ ಬೈ ಟೂ ರಾಯರಿಗೆ ಉದಾರವಾಗಿ ದಾನ ಮಾಡುತ್ತಾರೆ.