ಮಗು ಅತ್ತಾಗ ನಿಂತ ಗುಂಡು

ಪ್ರಳಯದ ಸಿನಿಮಾ ಅಂದ್ರೆ ಕಟ್ಟಡ ಉರುಳಬೇಕು, ಸಮುದ್ರ ಊರೊಳಗೆ ನುಗ್ಗಬೇಕು ಅಂತೀರಲ್ಲ ರಾಯರೇ, ನಾನು ಒಪ್ಪಲ್ಲ. ‘ಚಿಲ್ಡ್ರನ್ ಆಫ್ ಮೆನ್’ ನೋಡಿ ಒಂದ್ಸಲ. ಅಲ್ಫಾನ್ಸೊ ಕ್ವಾರೋನ್ 2006ರಲ್ಲಿ ಮಾಡಿದ್ದು. ಕಥೆ ನಡೆಯೋದು 2027ರ ಇಂಗ್ಲೆಂಡಿನಲ್ಲಿ. 18 ವರ್ಷದಿಂದ ಲೋಕದಲ್ಲಿ ಎಲ್ಲೂ ಒಂದು ಕೂಸು ಹುಟ್ಟಿಲ್ಲ. ಅಷ್ಟೇ ಪ್ರಳಯ. ಜನ ಎಂದಿನಂತೆ ಕಾಫಿ ಕೊಳ್ತಾರೆ, ಆಫೀಸಿಗೆ ಹೋಗ್ತಾರೆ.

ಯಾಕೆ ಹುಟ್ಟಲ್ಲ ಅಂತ ಕೇಳಬೇಡಿ, ಸಿನಿಮಾ ಹೇಳೋದಿಲ್ಲ. ಮೂಲ ಪಿ.ಡಿ. ಜೇಮ್ಸ್ ಅವರ 1992ರ ಕಾದಂಬರಿ. ಅದರಲ್ಲಿ ದೋಷ ಗಂಡಸರದು, ಇಲ್ಲಿ ಹೆಂಗಸರದು. ಕಾರಣ ಹೇಳಿಬಿಟ್ಟಿದ್ರೆ ನಾವು ಕೂತು ಔಷಧ ಹುಡುಕ್ತಿದ್ವಿ. ಈಗ ಆ ಜನರ ಮುಖ ನೋಡ್ತೀವಿ.

ಪಾಳುಬಿದ್ದ ಶಾಲೆಯಲ್ಲಿ ಮಿರಿಯಮ್ ಅನ್ನೋ ಹೆರಿಗೆ ನರ್ಸ್ ತನ್ನ ಹಳೇ ಕಥೆ ಹೇಳ್ತಾಳೆ. ಮೊದಲು ಗರ್ಭಪಾತ ಹೆಚ್ಚಾದವಂತೆ. ಆಮೇಲೊಂದು ದಿನ ಆಸ್ಪತ್ರೆಯ ಪುಸ್ತಕ ತಿರುವಿದ್ರೆ, ಏಳು ತಿಂಗಳಾಚೆಗೆ ಒಬ್ಬ ಬಸುರಿಯ ಹೆಸರೂ ಇಲ್ಲ. ಬೇರೆ ಆಸ್ಪತ್ರೆಗೆ ಫೋನ್ ಮಾಡಿದ್ರೆ ಅಲ್ಲೂ ಇಲ್ಲ, ಸಿಡ್ನಿಯಲ್ಲೂ ಇಲ್ಲ. ಲೋಕ ಮುಗೀತಾ ಬಂತು ಅನ್ನೋದು ಒಂದು ಖಾಲಿ ಹಾಳೆಯಲ್ಲಿ ಗೊತ್ತಾಗೋದು ನೋಡಿ, ಅದಕ್ಕಿಂತ ಭಯ ಯಾವ ಸುನಾಮಿಯೂ ಹುಟ್ಟಿಸಿಲ್ಲ ನನಗೆ.

ಇಂಥ ಕಾಲದಲ್ಲಿ ಬಸುರಿಯಾಗೋದು ಕೀ ಅನ್ನೋ ಹುಡುಗಿ. ಆಫ್ರಿಕಾದಿಂದ ಬಂದ ಅಕ್ರಮ ವಲಸೆಗಾರ್ತಿ. ಸರ್ಕಾರ ಅಂಥವರನ್ನ ಹಿಡಿದು ಬೋನಿಗೆ ತುಂಬ್ತಿದೆ. ಬೆಕ್ಸ್‌ಹಿಲ್ ಅನ್ನೋ ಕಡಲ ಊರೇ ನಿರಾಶ್ರಿತರ ಸೆರೆಮನೆಯಾಗಿದೆ. ಅಲ್ಲೇ ಅವಳಿಗೆ ಹೆಣ್ಣು ಮಗು ಹುಟ್ಟುತ್ತೆ. ಸೈನ್ಯ, ಬಂಡಾಯಗಾರರು, ಎರಡೂ ಕಡೆಯಿಂದ ಗುಂಡಿನ ಮಳೆ. ಎಮ್ಯಾನುಯೆಲ್ ಲುಬೆಜ್ಕಿ ಅವರ ಕ್ಯಾಮರಾ, ಕೀಯನ್ನ ಕಾಪಾಡೋಕೆ ಹೊರಟ ಥಿಯೋ ಅನ್ನೋನ ಬೆನ್ನು ಬಿಡದೆ ಓಡುತ್ತೆ, ಲೆನ್ಸಿಗೆ ರಕ್ತ ಸಿಡಿದ್ರೂ ನಿಲ್ಲಲ್ಲ. ಆಮೇಲೆ ಥಿಯೋ ತಾಯಿ-ಮಗುವನ್ನ ಮೆಟ್ಟಿಲಿಳಿಸಿ ತರ್ತಾನೆ. ಕೂಸು ಅಳ್ತಿದೆ. ಜನ ಕೈ ಚಾಚಿ ಮುಟ್ಟೋಕೆ ನೋಡ್ತಾರೆ. ಗುಂಡು ನಿಲ್ಲಿಸಿ ಅಂತ ಸೈನಿಕರು ಕೂಗ್ತಾರೆ, ಕೆಲವರು ಮಂಡಿಯೂರ್ತಾರೆ. ಅವರು ದಾಟಿ ಹತ್ತು ಹೆಜ್ಜೆ ಹೋಗಿರಲ್ಲ, ಎಲ್ಲೋ ಒಂದು ಸಿಡಿತ, ಮತ್ತೆ ಶುರು ಗುಂಡು!

ಬೇರೆ ಯಾರಾದ್ರೂ ಆಗಿದ್ರೆ ಅಲ್ಲೇ ಎಲ್ಲರ ಮನಸ್ಸೂ ಕರಗಿಸಿ, ಯುದ್ಧ ನಿಲ್ಲಿಸಿ, ಶುಭಂ ಹಾಕ್ತಿದ್ರು. ಕ್ವಾರೋನ್ ಹಾಗೆ ಮಾಡಲಿಲ್ಲ. ಆ ಸೈನಿಕರ ಕಣ್ಣಲ್ಲಿ ನೀರಿದ್ದದ್ದೂ ನಿಜ, ಮರುಕ್ಷಣ ಬಂದೂಕು ಎತ್ತಿದ್ದೂ ನಿಜ. ಮನುಷ್ಯರನ್ನ ಇಷ್ಟು ಪ್ರೀತಿಯಿಂದ, ಇಷ್ಟು ಸುಳ್ಳಿಲ್ಲದೆ ತೋರಿಸಿದ ದೃಶ್ಯ ನಾನು ಇನ್ನೊಂದು ಕಂಡಿಲ್ಲ.

ತಕರಾರೂ ಒಂದಿದೆ. ಮಗು ಯಾರ ಕೈಗೆ ಸೇರಬೇಕು ಅಂತ ಎಲ್ಲರೂ ಕಿತ್ತಾಡ್ತಾರೆ. ಕೀಗೆ ಏನು ಬೇಕು ಅಂತ ನಿಧಾನವಾಗಿ ಕೂತು ಕೇಳೋಕೆ ಸಿನಿಮಾಕ್ಕೂ ಪುರುಸೊತ್ತಿಲ್ಲ. ನಗು, ತುಂಟತನ ಎಲ್ಲ ಇರೋ ಹುಡುಗಿ. ಅವಳಿಗೆ ಇನ್ನೊಂದು ಹತ್ತು ನಿಮಿಷ ಸಲ್ಲಬೇಕಿತ್ತು.

ಶನಿವಾರ ಊಟ ಮುಗಿಸಿ ಬನ್ನಿ, ಹಾಕ್ತೀನಿ. ಮನೆಯವರನ್ನೂ ಕರ್ಕೊಂಡು ಬನ್ನಿ. ವರ್ಷಗಟ್ಟಲೆ ಹೆರಿಗೆ ವಾರ್ಡಿನಲ್ಲಿ ದುಡಿದವರು ಅವರು, ಮಿರಿಯಮ್ ಬಗ್ಗೆ ಏನಂತಾರೋ ಕೇಳಬೇಕು ನನಗೆ.