ಕಡಲತೀರದಲ್ಲಿ ಖಡಕ್ ರೊಟ್ಟಿ

ಬಿಸಿಲುನಾಡಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರು ಗುಂಪುಗೂಡಿ ಕೈಗೊಳ್ಳುವ ಕರಾವಳಿ ಪ್ರವಾಸದಲ್ಲಿ ಮೊದಲು ಬಸ್ಸೇರುವುದು ರೊಟ್ಟಿಯ ಗಂಟು. ಖಡಕ್ ರೊಟ್ಟಿ, ಅಂದರೆ ಜೋಳದ ಹಿಟ್ಟನ್ನು ತೆಳ್ಳಗೆ ಬಡಿದು, ಬೇಯಿಸಿ, ಗರಿಗರಿಯಾಗುವಂತೆ ಒಣಗಿಸಿದ ರೊಟ್ಟಿಯು ಅಲ್ಲಿನ ಒಣಹವೆಯಲ್ಲಿ ವಾರಗಟ್ಟಲೆ ತನ್ನ ಗತ್ತನ್ನು ಉಳಿಸಿಕೊಳ್ಳುತ್ತದಾದರೂ, ಮಲ್ಪೆ ಕಡಲತೀರದ ತೇವಗಾಳಿ ಸೋಕಿದ ಮರುದಿನವೇ ಮಡಚಿದರೂ ಮುರಿಯದಷ್ಟು ವಿನಯವಂತವಾಗುತ್ತದೆ. ಆಗ ಹಿರಿಯ ಹೆಂಗಸರು ಸಮುದ್ರಕ್ಕೆ ಬೆನ್ನು ಹಾಕಿ, ವಸತಿಗೃಹದ ಮಾಳಿಗೆಯ ಮೇಲೆ ರೊಟ್ಟಿ ಹರವಿ, ಕಾಗೆ ಓಡಿಸುತ್ತ ಕೂರುತ್ತಾರೆ. ಕರಾವಳಿಯ ಸೊಬಗಿನ ಬಗ್ಗೆ ಅವರ ಅಭಿಪ್ರಾಯ ಅಷ್ಟೇನೂ ಒಳ್ಳೆಯದಲ್ಲ: "ಯವ್ವಾ, ಇಲ್ಲಿ ಬಿಸಿಲಿಗೇ ಬೆವರು ಬರ್ತದ!"

ಗಂಡಸರ ಗೀಳು ಬೇರೆ. ಸಿಮೆಂಟ್ ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ಇವರು ಮುರುಡೇಶ್ವರದ 123 ಅಡಿ ಎತ್ತರದ ಶಿವನಿಗೆ ಕೈಮುಗಿಯುವ ಮೊದಲೇ ಮೂರ್ತಿಗೆ ಎಷ್ಟು ಚೀಲ ಹಿಡಿದಿರಬಹುದೆಂದು ವಾದಕ್ಕಿಳಿದು, ಗೈಡ್ ಹೇಳುವ ಸ್ಥಳಪುರಾಣವನ್ನು ಪೂರ್ತಿ ತಪ್ಪಿಸಿಕೊಳ್ಳುತ್ತಾರೆ. ಇನ್ನು ಶಹಾಬಾದ್ ಫರಸಿ, ಅಂದರೆ ಇವರ ಮನೆಯ ನೆಲಕ್ಕೆ ಹಾಸುವ ಚಪ್ಪಟೆ ಸುಣ್ಣಕಲ್ಲು, ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದ ಕೆಸರು. ದಿನವೂ ಸಮುದ್ರದ ತಳವನ್ನೇ ಗುಡಿಸಿ ಒರೆಸುವವರು ಸಮುದ್ರ ನೋಡಲು ಇಷ್ಟು ದೂರ ಬರಬೇಕಿತ್ತೇ ಎಂಬುದು ವಿಚಾರಣೀಯ. ಸೇಂಟ್ ಮೇರಿಸ್ ದ್ವೀಪದಲ್ಲಿ ಲಾವಾರಸ ತಣಿಯುವಾಗ ಕುಗ್ಗಿ, ಸೀಳಿ, ಬಹುಮುಖದ ಕಂಬಗಳಾದ ಬಗೆಯನ್ನು ಗೈಡ್ ಗಂಟಲು ಹರಿಯುವಂತೆ ವಿವರಿಸಿ ಮುಗಿಸಿದಾಗ ಹಿಂದಿನಿಂದ ಬರುವ ಪ್ರಶ್ನೆ ಒಂದೇ: "ಈ ಕಲ್ಲಿಂದು ಲೀಸ್ ಯಾರಿಗಿ ಆಗ್ಯಾದ್ರೀ?"